ಗೋಡೆ ದಾರಿಯಾದ ದ್ವೀಪದಲ್ಲಿ ಒಂದು ದಿನ

ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಗಾಳಿಗೂ ಭಾರವಿದೆಯೆಂಬುದು ತಿಳಿದಿರುತ್ತದೆ. ಗುರುಮಠದ ದಿನಗಳಲ್ಲಿ ಭಾನುವಾರಗಳಂದು ಧರ್ಮೋಪದೇಶ ಹೇಳಿಕೊಡಲು ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಆಷಾಢದ ಗಾಳಿಯೊಂದಿಗೆ ಸೆಣಸಿದ ನೆನಪು ನನ್ನಲ್ಲಿ ಇನ್ನೂ ಹಸಿರಾಗಿದೆ. ಐವತ್ತು ದಾಟಿದ ಮೇಲೆ, ಭೂಪಟದ ಉತ್ತರದ ಅಂಚಿನ ಒಂದು ದ್ವೀಪದಲ್ಲಿ, ಒಬ್ಬಂಟಿಯಾಗಿ, ಎರವಲು ಪಡೆದ ಸೈಕಲ್ಲಿನ ಮೇಲೆ ಆ ಸೆಣಸಾಟವನ್ನು ಮತ್ತೊಮ್ಮೆ ನಡೆಸುವೆನೆಂದು ಮಾತ್ರ ನಾನೆಂದೂ ಎಣಿಸಿರಲಿಲ್ಲ.

ಸ್ಕಾಟ್ಲೆಂಡಿನ ಉತ್ತರ ತುದಿಯಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರವೂ ಉತ್ತರ ಸಮುದ್ರವೂ ಕೂಡುವ ಕಡೆ ಓರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿ ಸುಮಾರು 70 ದ್ವೀಪಗಳಿದ್ದು, ಜನವಸತಿಯಿರುವುದು ಇಪ್ಪತ್ತರಷ್ಟರಲ್ಲಿ ಮಾತ್ರ. ಎಲ್ಲಕ್ಕಿಂತ ದೊಡ್ಡದಾದ ದ್ವೀಪವನ್ನು ಅಲ್ಲಿಯವರು ಮೇನ್‌ಲ್ಯಾಂಡ್ ಎಂದೇ ಕರೆಯುತ್ತಾರೆ. ಜೂನ್ ತಿಂಗಳಲ್ಲಿ ಹದಿನೆಂಟು ಗಂಟೆಗಳ ಹಗಲು. ಚಳಿಗಾಲದಲ್ಲಿ ಅದಕ್ಕೆ ತಕ್ಕ ಕತ್ತಲೆ. ಎಲ್ಲ ಋತುಗಳಲ್ಲಿಯೂ ತಪ್ಪದೆ ಬೀಸುವುದು ಗಾಳಿ. ಅದರಿಂದಾಗಿ ಆ ನೆಲದಲ್ಲಿ ಮರಗಳು ತೀರ ವಿರಳ. ಹುಲ್ಲು, ಕಲ್ಲಿನ ಬೇಲಿ, ದನಕುರಿಗಳು, ಮೇಲೆ ಅಗಾಧವಾದ ಆಕಾಶ. ನೋಟಕ್ಕೆ ಅಡ್ಡ ಬರುವುದು ಬೇರೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಒಂದು ಧರ್ಮಕೇಂದ್ರದಲ್ಲಿ ರಜೆಯ ಮೇಲೆ ಹೋದ ಗುರುಗಳ ಬದಲಿಗೆ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತ್ತು. ಬಿಡುವು ಸಿಕ್ಕ ಎರಡು ದಿನಗಳಲ್ಲಿ ಹಡಗೇರಿ ಓರ್ಕ್ನಿಗೆ ಹೋದೆ. ಅದಕ್ಕೊಂದು ಕಾರಣವಿತ್ತು. ಅಲ್ಲಿಯ ಲ್ಯಾಂಬ್ ಹೋಮ್ ಎಂಬ ಪುಟ್ಟ ದ್ವೀಪದಲ್ಲಿ ಇಟಲಿಯ ಯುದ್ಧಕೈದಿಗಳು ತಗಡಿನ ಗುಡಾರಗಳಲ್ಲಿ ಕಟ್ಟಿದ ದೇವಾಲಯದ ಕಥೆಯನ್ನು ನಾನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದೆ. ಸೆರೆಯಲ್ಲಿದ್ದರೂ ವಿಶ್ವಾಸ ಸೆರೆಯಾಗಲಿಲ್ಲ ಎಂದು ಮುಗಿಸುತ್ತಿದ್ದೆ. ಜನ ತಲೆದೂಗುತ್ತಿದ್ದರು. ನೋಡದೆಯೇ ಇಷ್ಟು ಬಾರಿ ಹೇಳಿದ ಕಥೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆನಿಸಿತ್ತು.

ನಾನು ತಂಗಿದ್ದ ಮನೆಯ ಹಿರಿಯರೊಬ್ಬರು ತಮ್ಮ ಹಳೆಯ ಸೈಕಲ್ಲನ್ನು ಕೊಟ್ಟರು. ಕರ್ಕ್‌ವಾಲ್ ಪಟ್ಟಣದಿಂದ ಲ್ಯಾಂಬ್ ಹೋಮ್‌ಗೆ ಸುಮಾರು ಹನ್ನೆರಡು ಕಿಲೋಮೀಟರ್. ಇದೇನು ಮಹಾದೂರ ಎಂದುಕೊಂಡೆ. ಗಾಳಿ ನೈಋತ್ಯದಿಂದ ಬೀಸುತ್ತಿದೆ, ಹೋಗುವಾಗ ನಿಧಾನವಾಗಿ ಹೋಗಿ, ಬರುವಾಗ ಅದೇ ನಿಮ್ಮನ್ನು ತಳ್ಳಿಕೊಂಡು ಬರುತ್ತದೆ ಎಂದು ಅವರು ನಕ್ಕರು.

ಯುದ್ಧ ಮಾಡದ ಸಂತ

ಹೊರಡುವ ಮುನ್ನ ಕರ್ಕ್‌ವಾಲ್‌ನ ಸಂತ ಮ್ಯಾಗ್ನಸ್ ಪ್ರಧಾನಾಲಯದೊಳಗೆ ಸ್ವಲ್ಪ ಹೊತ್ತು ಕುಳಿತೆ. ಕೆಂಪು ಮತ್ತು ಹಳದಿ ಮರಳುಗಲ್ಲಿನ ಆ ಮಂದಿರದ ನಿರ್ಮಾಣ ಆರಂಭವಾದದ್ದು 1137ರಲ್ಲಿ. ಆಗ ಓರ್ಕ್ನಿ ನಾರ್ವೆಯ ಅರಸರ ಅಧೀನದಲ್ಲಿತ್ತು. ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಮಗಳ ವರದಕ್ಷಿಣೆಯ ಬಾಬ್ತು ಅದನ್ನು ಸ್ಕಾಟ್ಲೆಂಡಿಗೆ ಒತ್ತೆಯಿಟ್ಟದ್ದು 1468ರಲ್ಲಿ. ಧರ್ಮಸುಧಾರಣೆಯ ನಂತರ ಈ ಪ್ರಧಾನಾಲಯ ಕಥೋಲಿಕರ ಕೈಯಲ್ಲಿಲ್ಲ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರು ಅಲ್ಲಿ ಆರಾಧನೆ ನಡೆಸುತ್ತಾರೆ. ಆದರೂ ಸಂತನ ಹೆಸರನ್ನು ಅವರು ಅಳಿಸಿಲ್ಲ.

ಮ್ಯಾಗ್ನಸ್ ಈ ದ್ವೀಪಗಳನ್ನು ತನ್ನ ದಾಯಾದಿ ಹಾಕೊನ್ ಜೊತೆ ಹಂಚಿಕೊಂಡು ಆಳಿದವನು. ಪ್ರಾಚೀನ ನಾರ್ಸ್ ಕಥನಗಳ ಪ್ರಕಾರ, 1098ರಲ್ಲಿ ವೇಲ್ಸ್ ಕರಾವಳಿಯ ನೌಕಾಯುದ್ಧವೊಂದರಲ್ಲಿ ತರುಣ ಮ್ಯಾಗ್ನಸ್ ಆಯುಧ ಹಿಡಿಯಲು ಒಪ್ಪದೆ, ಬಾಣಗಳ ಮಳೆಯ ನಡುವೆ ಹಡಗಿನ ಮೇಲೆಯೇ ಕುಳಿತು ಕೀರ್ತನೆಗಳನ್ನು ಹಾಡಿದನು. ಮುಂದೆ 1117ರ ಸುಮಾರಿಗೆ ದಾಯಾದಿಗಳ ನಡುವೆ ಸಂಧಾನಕ್ಕೆಂದು ಎಗಿಲ್ಸೇ ದ್ವೀಪದಲ್ಲಿ ಭೇಟಿ ಗೊತ್ತಾಯಿತು. ಇಬ್ಬರೂ ಎರಡೆರಡು ಹಡಗುಗಳಲ್ಲಿ ಬರತಕ್ಕದ್ದೆಂಬ ಒಪ್ಪಂದವಿತ್ತು. ಹಾಕೊನ್ ಎಂಟು ಹಡಗುಗಳಲ್ಲಿ ಬಂದನು. ಮ್ಯಾಗ್ನಸನನ್ನು ಕೊಲ್ಲಲು ಧ್ವಜ ಹೊರುವವನಿಗೆ ಆಜ್ಞೆಯಾದಾಗ ಅವನು ನಿರಾಕರಿಸಿದನು. ಕೊನೆಗೆ ಅಡುಗೆಯವನ ಕೈಗೆ ಕೊಡಲಿ ಕೊಟ್ಟರು. ಅವನು ಅಳತೊಡಗಿದಾಗ ಮ್ಯಾಗ್ನಸನೇ ಅವನನ್ನು ಸಂತೈಸಿ, ಅವನಿಗಾಗಿ ಪ್ರಾರ್ಥಿಸಿ, ತಲೆಯೊಡ್ಡಿದನೆಂದು ಕಥನ ಹೇಳುತ್ತದೆ. ಇದನ್ನು ಭಕ್ತರ ಕಲ್ಪನೆಯೆಂದು ಭಾವಿಸಿದವರಿದ್ದರು. ಆದರೆ 1919ರಲ್ಲಿ ದುರಸ್ತಿಯ ವೇಳೆ ಪ್ರಧಾನಾಲಯದ ಕಂಬವೊಂದರೊಳಗೆ ಅಡಗಿಸಿಟ್ಟಿದ್ದ ಪೆಟ್ಟಿಗೆ ಸಿಕ್ಕಿತು. ಅದರೊಳಗಿನ ತಲೆಬುರುಡೆಯಲ್ಲಿ ಹೊಡೆತದಿಂದ ಆದ ಸೀಳು ಇತ್ತು. ಆ ಮೂಳೆಗಳನ್ನು ಮತ್ತೆ ಕಂಬದೊಳಗೇ ಇರಿಸಿದ್ದಾರೆ.

ಅದೇ ಮಂದಿರದೊಳಗೆ ಒಂದು ಹಡಗಿನ ಗಂಟೆಯೂ ಇದೆ. ರಾಯಲ್ ಓಕ್ ಎಂಬ ಯುದ್ಧನೌಕೆಯ ಗಂಟೆ ಅದು. ನಾನು ಹಿಡಿಯಬೇಕಾಗಿದ್ದ ದಾರಿಯ ಕಥೆ ಆ ಗಂಟೆಯಿಂದಲೇ ಆರಂಭವಾಗುತ್ತದೆ.

ಸಮುದ್ರದಡಿಯ ಸಮಾಧಿ

ಪಟ್ಟಣ ದಾಟಿ ದಕ್ಷಿಣಕ್ಕೆ ತಿರುಗಿದೊಡನೆ ಗಾಳಿ ಎದೆಗೇ ಬಂದು ಬಡಿಯಿತು. ಚಪ್ಪಟೆಯಾದ ದಾರಿಯಲ್ಲಿಯೂ ಏರು ಹತ್ತಿದಂತೆ ತುಳಿಯಬೇಕಾಯಿತು. ನಡುನಡುವೆ ಇಳಿದು ಸೈಕಲ್ಲನ್ನು ತಳ್ಳಿಕೊಂಡೂ ನಡೆದೆ. ಬಲಗಡೆಗೆ ಸ್ಕಾಪಾ ಫ್ಲೋ ಕಾಣುತ್ತಿತ್ತು. ಸುತ್ತಲೂ ದ್ವೀಪಗಳಿಂದ ಆವೃತವಾದ ಈ ವಿಶಾಲ ಜಲರಾಶಿ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯ ನೆಲೆಯಾಗಿತ್ತು.

1939ರ ಅಕ್ಟೋಬರ್ 13ರ ರಾತ್ರಿ ಗುಂಥರ್ ಪ್ರೀನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಯು-47 ಎಂಬ ಜರ್ಮನ್ ಜಲಾಂತರ್ಗಾಮಿ ಪೂರ್ವ ದಿಕ್ಕಿನ ಕಿರಿದಾದ ಕಿರ್ಕ್ ಸೌಂಡ್ ಎಂಬ ಕಾಲುವೆಯಿಂದ ಒಳನುಗ್ಗಿತು. ಅಲ್ಲಿ ಶತ್ರುಗಳನ್ನು ತಡೆಯಲೆಂದು ಹಳೆಯ ಹಡಗುಗಳನ್ನು ಮುಳುಗಿಸಿಟ್ಟಿದ್ದರೂ ಉಬ್ಬರದ ನೀರಿನಲ್ಲಿ ಅವುಗಳ ನಡುವೆ ನುಸುಳುವಷ್ಟು ಜಾಗ ಉಳಿದಿತ್ತು. ಮಧ್ಯರಾತ್ರಿ ದಾಟಿದ ಮೇಲೆ, 14ರ ಮುಂಜಾವದಲ್ಲಿ, ಲಂಗರು ಹಾಕಿ ನಿಂತಿದ್ದ ರಾಯಲ್ ಓಕ್ ನೌಕೆಗೆ ಟಾರ್ಪಿಡೊಗಳು ಬಡಿದವು. ಎರಡನೆಯ ದಾಳಿಯಾದ ಸುಮಾರು 13 ನಿಮಿಷಗಳಲ್ಲಿ ಅದು ಮಗುಚಿ ಮುಳುಗಿತು. ಸತ್ತವರು 830ಕ್ಕೂ ಹೆಚ್ಚು ಮಂದಿ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಹದಿನೆಂಟು ತುಂಬದ ಹುಡುಗರು.

ಆ ನೌಕೆ ಇಂದಿಗೂ ಅಲ್ಲಿಯೇ, ದಡಕ್ಕೆ ಬಹುದೂರವಲ್ಲದ ಕಡೆ, ನೀರಿನಡಿ ಮಲಗಿದೆ. ಅದು ಯುದ್ಧಸಮಾಧಿ, ಅನುಮತಿಯಿಲ್ಲದೆ ಯಾರೂ ಅಲ್ಲಿಗೆ ಮುಳುಗುವಂತಿಲ್ಲ. ನೀರಿನ ಮೇಲೆ ತೇಲುವ ಒಂದು ಬುರುಡೆ ಮಾತ್ರ ಜಾಗವನ್ನು ಸೂಚಿಸುತ್ತದೆ. ಸೈಕಲ್ಲನ್ನು ಕಲ್ಲಿನ ಬೇಲಿಗೆ ಒರಗಿಸಿ ಮೃತರಿಗಾಗಿ ಪ್ರಾರ್ಥನೆ ಹೇಳಿದೆ. ನನ್ನ ಪ್ರಬೋಧನೆಗಳಲ್ಲಿ ಈ ಹುಡುಗರು ಎಂದೂ ಬಂದಿರಲಿಲ್ಲ ಎಂಬುದು ಆಗ ನೆನಪಾಯಿತು.

ನಾಲ್ಕು ಅಡ್ಡಗಟ್ಟೆಗಳು

ಈ ದುರಂತದ ಬೆನ್ನಿಗೆ, ಆಗ ನೌಕಾಪಡೆಯ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್, ಪೂರ್ವದ ನಾಲ್ಕು ಕಾಲುವೆಗಳನ್ನೂ ಶಾಶ್ವತವಾಗಿ ಮುಚ್ಚಲು ಆಜ್ಞಾಪಿಸಿದರು. 1940ರಲ್ಲಿ ಕೆಲಸ ಆರಂಭವಾಯಿತು. ಮೊದಲು ತಂತಿಬಲೆಗಳಲ್ಲಿ ತುಂಬಿದ ಬಂಡೆಗಳನ್ನು ಲಕ್ಷಾಂತರ ಟನ್ನುಗಳಷ್ಟು ನೀರಿಗೆ ಇಳಿಬಿಟ್ಟರು. ಅದರ ಮೇಲೆ ಐದು ಟನ್ ಮತ್ತು ಹತ್ತು ಟನ್ ತೂಕದ ಸುಮಾರು 66,000 ಕಾಂಕ್ರೀಟ್ ದಿಮ್ಮಿಗಳನ್ನು ಹೊದಿಸಿದರು. ಹತ್ತು ಟನ್ನಿನವನ್ನು ಪಕ್ಕಗಳಲ್ಲಿ ಬೇಕೆಂದೇ ಅಸ್ತವ್ಯಸ್ತವಾಗಿ ಒಟ್ಟಿದ್ದಾರೆ; ಅಲೆಗಳು ಅವುಗಳ ಸಂದುಗಳಲ್ಲಿ ಸಿಕ್ಕಿ ಒಡೆದು ಬಲಗುಂದಲೆಂಬುದು ಅದರ ಉದ್ದೇಶ. ನಾಲ್ಕೂ ಗಟ್ಟೆಗಳ ಒಟ್ಟು ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು.

ಇಷ್ಟು ದೊಡ್ಡ ಕೆಲಸಕ್ಕೆ ಆಳುಗಳು ಸಾಲಲಿಲ್ಲ. ಸ್ಥಳೀಯ ತರುಣರು ಸೇನೆ ಸೇರಿದ್ದರು. ಆಗ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಸೆರೆಸಿಕ್ಕಿದ್ದ ಇಟಾಲಿಯನ್ ಸೈನಿಕರನ್ನು ಕರೆತರುವ ನಿರ್ಧಾರವಾಯಿತು. 1942ರ ಆರಂಭದಲ್ಲಿ, ನಡುಚಳಿಗಾಲದಲ್ಲಿ, ಸುಮಾರು 1,300 ಮಂದಿ ಓರ್ಕ್ನಿಗೆ ಬಂದಿಳಿದರು. ಅವರಲ್ಲಿ ಐದುನೂರಕ್ಕೂ ಹೆಚ್ಚು ಮಂದಿಯನ್ನು ಲ್ಯಾಂಬ್ ಹೋಮ್‌ನ 60ನೇ ಶಿಬಿರದಲ್ಲಿ ಇರಿಸಲಾಯಿತು. ಲಿಬಿಯಾದ ಬಿಸಿಲಿನಿಂದ ಬಂದವರಿಗೆ ಮರವಿಲ್ಲದ, ನೆರಳಿಲ್ಲದ, ಗಾಳಿಗೆ ಬತ್ತಲಾಗಿ ನಿಂತ ಈ ದ್ವೀಪ ಹೇಗೆ ಕಂಡಿರಬೇಕು! ವಾಸಕ್ಕೆ ಹದಿಮೂರು ನಿಸ್ಸೆನ್ ಗುಡಾರಗಳು, ಅಂದರೆ ಅರ್ಧ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದಂತಿರುವ ತಗಡಿನ ಮನೆಗಳು.

ಕೈದಿಗಳು ಈ ಕೆಲಸವನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. 1929ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗಳಿಂದ ಯುದ್ಧಕ್ಕೆ ನೇರವಾಗಿ ಸಂಬಂಧಿಸಿದ ಕೆಲಸ ಮಾಡಿಸಕೂಡದು. ನೌಕಾನೆಲೆಗೆ ಕಾವಲುಗೋಡೆ ಕಟ್ಟುವುದು ಯುದ್ಧದ ಕೆಲಸವಲ್ಲವೆ ಎಂದು ಅವರು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ಕೊನೆಗೆ ಅಧಿಕಾರಿಗಳು ಕೊಟ್ಟ ಉತ್ತರ ಹೀಗಿತ್ತು: ಇವು ಅಡ್ಡಗಟ್ಟೆಗಳಲ್ಲ, ದ್ವೀಪದ ಜನರು ಓಡಾಡಲು ನಿರ್ಮಿಸುತ್ತಿರುವ ದಾರಿಗಳು. ಗಟ್ಟೆಗಳ ನೆತ್ತಿಯ ಮೇಲೆ ರಸ್ತೆ ಬರಲಿದ್ದುದು ನಿಜ. ಆದರೆ ಯುದ್ಧವಿಲ್ಲದಿದ್ದರೆ ಯಾರೂ ಅದನ್ನು ಕಟ್ಟುತ್ತಿರಲಿಲ್ಲವೆಂಬುದೂ ನಿಜ. ಕೈದಿಗಳು ಮತ್ತೆ ಕೆಲಸಕ್ಕೆ ಇಳಿದರು. 1945ರ ಮೇ 12ರಂದು, ಯೂರೋಪಿನಲ್ಲಿ ಯುದ್ಧ ಮುಗಿದ ಅದೇ ವಾರದಲ್ಲಿ, ಈ ಕಟ್ಟೆಗಳ ಅಧಿಕೃತ ಉದ್ಘಾಟನೆಯಾಯಿತು.

ಮೊದಲನೆಯ ಕಟ್ಟೆಯ ಮೇಲೆ ಸೈಕಲ್ ಹತ್ತಿಸಿದಾಗ ನನಗೆ ಎದೆ ಡವಗುಟ್ಟಿತು. ಪ್ರೀನನ ಜಲಾಂತರ್ಗಾಮಿ ನುಸುಳಿ ಬಂದ ಕಿರ್ಕ್ ಸೌಂಡ್ ಇದೇ. ಎಡಗಡೆಯಿಂದ ಉತ್ತರ ಸಮುದ್ರಕ್ಕೆ ತೆರೆದ ನೀರು, ಬಲಗಡೆ ಸ್ಕಾಪಾ ಫ್ಲೋ. ಚಳಿಗಾಲದ ಪೂರ್ವದ ಬಿರುಗಾಳಿಗೆ ಅಲೆಗಳು ರಸ್ತೆಯ ಮೇಲೆಯೇ ಹಾರಿ ಬರುವುದರಿಂದ ಆಗಾಗ ಸಂಚಾರ ನಿಲ್ಲಿಸುತ್ತಾರೆ. ಅಂದು ಅಷ್ಟಿರಲಿಲ್ಲ. ಆದರೂ ನಡುಭಾಗದಲ್ಲಿ ಒಂದು ಗಾಳಿಯ ಸೆಳೆತಕ್ಕೆ ಸೈಕಲ್ ಓಲಾಡಿ, ಸರಪಳಿ ಕಳಚಿತು. ದಿಮ್ಮಿಗಳಿಗೆ ಒರಗಿ ಕುಳಿತು ಅದನ್ನು ಕೂಡಿಸುವಷ್ಟರಲ್ಲಿ ಎರಡೂ ಕೈಗಳು ಗ್ರೀಸಿನಿಂದ ಕಪ್ಪಾದವು. ಕರವಸ್ತ್ರಕ್ಕೆ ಒರೆಸಿದಷ್ಟೂ ಅದು ಹರಡಿತೇ ಹೊರತು ಹೋಗಲಿಲ್ಲ. ಆ ಕೈಗಳೊಂದಿಗೇ ದೇವಾಲಯದ ಬಾಗಿಲಿಗೆ ಬಂದೆ.

ತಗಡಿನೊಳಗಿನ ದೇವಾಲಯ

ಶಿಬಿರದ ಕೈದಿಗಳು ಬಿಡುವಿನ ಹೊತ್ತಿನಲ್ಲಿ ಕಾಂಕ್ರೀಟಿನ ಕಾಲುದಾರಿಗಳನ್ನು ಹಾಕಿದ್ದರು, ಹೂಪಾತಿಗಳನ್ನು ಮಾಡಿದ್ದರು, ನಾಟಕವಾಡಲು ರಂಗವನ್ನೂ ಮಾಡಿಕೊಂಡಿದ್ದರು. ಡೊಮೆನಿಕೊ ಕಿಯೊಕ್ಕೆಟ್ಟಿ ಎಂಬವರು ಮುಳ್ಳುತಂತಿಯನ್ನೇ ಎಲುಬಾಗಿ ಬಳಸಿ, ಮೇಲೆ ಕಾಂಕ್ರೀಟ್ ಮೆತ್ತಿ, ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜರ ಪ್ರತಿಮೆಯನ್ನು ನಿಲ್ಲಿಸಿದ್ದರು. ಆದರೆ ಬಲಿಪೂಜೆಗೊಂದು ಯೋಗ್ಯ ಸ್ಥಳವಿರಲಿಲ್ಲ. ಶಿಬಿರಕ್ಕೆ ಬಂದ ಜಾಕೊಬಾಜ್ಜಿ ಎಂಬ ಗುರುಗಳ ಬೇಡಿಕೆಗೆ ಶಿಬಿರಾಧಿಕಾರಿ ಮೇಜರ್ ಬಕ್‌ಲ್ಯಾಂಡ್ ಒಪ್ಪಿದರು. 1943ರಲ್ಲಿ ಎರಡು ಗುಡಾರಗಳನ್ನು ತುದಿಗೆ ತುದಿ ಸೇರಿಸಿ ಕೊಡಲಾಯಿತು.

ಕಿಯೊಕ್ಕೆಟ್ಟಿ ಉತ್ತರ ಇಟಲಿಯ ಡೊಲೊಮೈಟ್ ಪರ್ವತಗಳ ನಡುವಿನ ಮೊಯೆನಾ ಊರಿನವರು, ಚಿತ್ರಕಾರರು. ತಾಯಿ ಕೊಟ್ಟಿದ್ದ ಒಂದು ಪುಟ್ಟ ಪವಿತ್ರ ಚಿತ್ರವನ್ನು ಅವರು ಯುದ್ಧದುದ್ದಕ್ಕೂ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಿಕೊಲೊ ಬರಬಿನೊ ಎಂಬ ಚಿತ್ರಕಾರನ ಕೃತಿಯ ಮುದ್ರಣ ಅದು: ಮಾತೆ ಮರಿಯಳ ತೋಳಿನಲ್ಲಿ ಬಾಲಯೇಸು, ಬಾಲಕನ ಕೈಯಲ್ಲಿ ಓಲಿವ್ ಕೊಂಬೆ. ಆ ಚಿತ್ರವನ್ನೇ ಬಲಿಪೀಠದ ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಸುತ್ತಲೂ ದೇವದೂತರು, ಅವರಲ್ಲಿ ಒಬ್ಬನು ಕತ್ತಿಯನ್ನು ಒರೆಗೆ ಸೇರಿಸುತ್ತಿದ್ದಾನೆ. ಕೆಳಗೆ ಶಾಂತಿಯ ರಾಣಿಗೆ ಲತೀನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರಾರ್ಥನೆ.

ಉಳಿದುದೆಲ್ಲ ಗುಜರಿಯಿಂದ ಬಂದದ್ದು. ಗೋಮಾಂಸದ ಖಾಲಿ ಡಬ್ಬಿಗಳು ದೀಪಗಳಾದವು. ಮುಳುಗಿದ ಹಡಗಿನ ಮರ ಪರಮಪ್ರಸಾದದ ಪೆಟ್ಟಿಗೆಯಾಯಿತು. ಕಾಂಕ್ರೀಟ್ ಮೆತ್ತಿ ದೀಕ್ಷಾಸ್ನಾನದ ತೊಟ್ಟಿ ಮಾಡಿದರು. ಬಲಿಪೀಠವೇ ಸಿಮೆಂಟಿನದು. ಪೀಠದ ಮುಂದಿನ ಕಬ್ಬಿಣದ ಜಾಲರಿ ಪಲುಂಬಿ ಎಂಬ ಕಮ್ಮಾರರ ಕೈಕೆಲಸ. ಸೂಕ್ಷ್ಮವಾದ ಬಳ್ಳಿಯ ಹೆಣಿಗೆಯಂತಿದೆ. ಪಕ್ಕದ ಪರದೆಗಳನ್ನು ಕೈದಿಗಳು ತಮ್ಮ ಹಣದಿಂದಲೇ ಕೊಂಡು ತರಿಸಿದರು. ಮುಂಭಾಗದಲ್ಲಿ ಬುಟ್ಟಪಾಸ್ತಾ ಎಂಬ ಕುಶಲಕರ್ಮಿ ಕಾಂಕ್ರೀಟಿನಲ್ಲಿ ಕಂಬಗಳ ಮಂಟಪವನ್ನೂ ಗಂಟೆಯ ಗೂಡನ್ನೂ ನಿಲ್ಲಿಸಿದರು. ಬಾಗಿಲ ಮೇಲೆ ಪೆನ್ನಿಸಿ ಎಂಬವರು ಮಾಡಿದ, ಮುಳ್ಳಿನ ಕಿರೀಟ ತೊಟ್ಟ ಕ್ರಿಸ್ತನ ಮುಖವಿದೆ.

ಒಳಗೆ ಕುಳಿತಾಗ ಮೊದಲಿಗೆ ಕಾಣುವುದು ಇಟ್ಟಿಗೆಯ ಗೋಡೆ, ಕೆತ್ತಿದ ಕಲ್ಲು, ಕಮಾನಿನ ಚಾವಣಿ. ಹತ್ತಿರ ಹೋದರೆ ಅದು ಹಲಗೆಯ ಮೇಲೆ ಬಳಿದ ಬಣ್ಣ. ನಾನು ಮುಟ್ಟಲಿಲ್ಲ, ಕೈ ಕಪ್ಪಾಗಿತ್ತಷ್ಟೇ ಅಲ್ಲ, ಮುಟ್ಟಬಾರದೆಂದೂ ಅನಿಸಿತು. ಹೊರಗೆ ಬಂದು ಕಟ್ಟಡವನ್ನು ಒಂದು ಸುತ್ತು ಹಾಕಿದೆ. ಮುಂಭಾಗದ ಸೊಗಸು ಒಂದೇ ಗೋಡೆಗೆ ಮುಗಿಯುತ್ತದೆ. ಹಿಂದೆ ಬರೀ ತಗಡು. ಕೈದಿಗಳ ಗುಡಾರ ಹೇಗಿತ್ತೋ ಹಾಗೆಯೇ.

ಅಲ್ಲಿ, ಆ ತಗಡಿನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ನಿಂತಿದ್ದಾಗ, ನನ್ನ ಪ್ರಬೋಧನೆ ಎಷ್ಟು ಮುಂಭಾಗದ್ದು ಎಂಬುದು ಅರಿವಾಯಿತು. ವಿಶ್ವಾಸವು ಸೆರೆಯನ್ನು ಗೆದ್ದಿತು ಎಂದು ನಾನು ಹೇಳುತ್ತಿದ್ದೆ. ಸೆರೆ ಸೆರೆಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಅವರು ಮತ್ತೆ ಶೀತಲ ಗಾಳಿಯಲ್ಲಿ ಕಾಂಕ್ರೀಟ್ ಹಾಕಬೇಕಾಗಿತ್ತು. ಅವರ ಊರುಗಳಲ್ಲಿ ಮಕ್ಕಳು ತಂದೆಯಿಲ್ಲದೆ ಬೆಳೆಯುತ್ತಿದ್ದರು. ಅವರು ಕಟ್ಟುತ್ತಿದ್ದ ಗೋಡೆಯ ಆಚೆ ಸಾವಿರಾರು ಮಂದಿ ಬ್ರಿಟಿಷ್ ತಾಯಂದಿರ ಮಕ್ಕಳು ಹಡಗುಗಳಲ್ಲಿದ್ದರು. ಅವರಿಗೂ ರಕ್ಷಣೆ ಬೇಕಿತ್ತು. ಬಾಬಿಲೋನಿನ ನದಿಯ ದಡದಲ್ಲಿ ಕುಳಿತ ಸೆರೆಯಾಳುಗಳ ಕೀರ್ತನೆಯಲ್ಲಿ ದುಃಖವೂ ಇದೆ, ಕೋಪವೂ ಇದೆ. ಧರ್ಮಸಭೆ ಅದನ್ನು ಪ್ರಾರ್ಥನೆಯಾಗಿಯೇ ಉಳಿಸಿಕೊಂಡಿದೆ. ಕಥೆಯನ್ನು ಸಿಹಿ ಮಾಡುವ ಆತುರದಲ್ಲಿ ನಾನು ಅದರ ಹಿಂಬದಿಯ ತಗಡನ್ನು ಮುಚ್ಚಿದ್ದೆ.

ನಮ್ಮ ಊರಿನ ಕೈದಿಗಳು

ಆಗ ನೆನಪಾದದ್ದು ನಮ್ಮ ಬೆಂಗಳೂರು. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರ್ರಾನಿಯಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ಪಡೆಗಳಲ್ಲಿ 4ನೇ ಭಾರತೀಯ ಡಿವಿಜನ್ ಮುಂಚೂಣಿಯಲ್ಲಿತ್ತು. ಆ ಚಳಿಗಾಲದ ಯುದ್ಧದಲ್ಲಿ ಸೆರೆಸಿಕ್ಕ ಇಟಾಲಿಯನ್ನರಲ್ಲಿ ಸಹಸ್ರಾರು ಮಂದಿಯನ್ನು ಹಡಗುಗಳಲ್ಲಿ ಭಾರತಕ್ಕೆ ತಂದು ಹಲವು ಶಿಬಿರಗಳಲ್ಲಿ ಇರಿಸಿದರು. ಬೆಂಗಳೂರಿನ ಹೊರವಲಯವೂ ಅವುಗಳಲ್ಲಿ ಒಂದು. ಜಾಲಹಳ್ಳಿಯ ಕಡೆಯ ಹಿರಿಯರು ಇಟಾಲಿಯನ್ ಕೈದಿಗಳ ಮಾತೆತ್ತುತ್ತಿದ್ದುದನ್ನು ನಾನು ಕಿರಿಯ ಗುರುವಾಗಿದ್ದಾಗ ಕೇಳಿದ್ದುಂಟು. ಒಂದೇ ಮರುಭೂಮಿಯಲ್ಲಿ ಕೈಯೆತ್ತಿ ಶರಣಾದವರಲ್ಲಿ ಕೆಲವರಿಗೆ ಓರ್ಕ್ನಿಯ ಗಾಳಿ, ಕೆಲವರಿಗೆ ನಮ್ಮ ಕೆಮ್ಮಣ್ಣು. ಅವರನ್ನು ಸೆರೆಹಿಡಿದವರಲ್ಲಿ ನಮ್ಮ ದೇಶದ ಬಡ ರೈತರ ಮಕ್ಕಳಿದ್ದರು. ಓರ್ಕ್ನಿಯ ಈ ಕಥೆಯನ್ನು ದೂರದ್ದೆಂದು ಕೇಳಿಕೊಂಡು ಬಂದ ನಮಗೆ ಅದರಲ್ಲಿ ಪಾಲಿದೆ.

ದಾರಿಯ ಕೊನೆಯವರೆಗೆ

ಇನ್ನೂ ಹಗಲು ಬಹಳವಿತ್ತು. ಉಳಿದ ಕಟ್ಟೆಗಳನ್ನೂ ದಾಟಿಯೇ ಬರೋಣವೆಂದು ಮುಂದೆ ಹೊರಟೆ. ಎರಡನೆಯದು ಗ್ಲಿಂಪ್ಸ್ ಹೋಮ್ ದ್ವೀಪಕ್ಕೆ, ಮೂರನೆಯದು ಬರ್ರೆಗೆ. ಮೂರನೆಯದರ ಪಕ್ಕದಲ್ಲಿ ಹಳೆಯ ತಡೆಹಡಗುಗಳ ತುಕ್ಕುಹಿಡಿದ ಅಸ್ಥಿಪಂಜರ ನೀರಿನ ಮೇಲೆ ಚಾಚಿಕೊಂಡಿದೆ. ಅದರ ಮೇಲೆ ಕಡಲಹಕ್ಕಿಗಳು ಸಾಲಾಗಿ ಕುಳಿತಿದ್ದವು. ನಾಲ್ಕನೆಯದು ಸೌತ್ ರೊನಾಲ್ಡ್‌ಸೇಗೆ. ಅದರ ಪೂರ್ವದ ಮಗ್ಗುಲಲ್ಲಿ ದಶಕಗಳಿಂದ ಮರಳು ಸೇರುತ್ತಾ ಬಂದು, ಕಾಂಕ್ರೀಟ್ ದಿಮ್ಮಿಗಳು ಮರೆಯಾಗಿ, ಹುಲ್ಲು ಬೆಳೆದು ಕಡಲತೀರವೇ ಆಗಿಬಿಟ್ಟಿದೆ. ಯಾರೂ ಹೇಳದಿದ್ದರೆ ಅದು ಯುದ್ಧದ ಗೋಡೆಯೆಂದು ತಿಳಿಯುವುದಿಲ್ಲ.

ಆ ಮರಳದಿಬ್ಬದ ಮರೆಯಲ್ಲಿ ಕುಳಿತು ತಂದಿದ್ದ ಬ್ರೆಡ್ಡು ತಿಂದೆ. ಮೇಲಿನ ರಸ್ತೆಯಲ್ಲಿ ಹಾಲಿನ ಲಾರಿ ಹೋಯಿತು, ಒಂದು ಬಸ್ಸು ಹೋಯಿತು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದ ಕಾರುಗಳು ಹೋದವು. ಮೊದಲು ಈ ದ್ವೀಪದವರು ಕಾಯಿಲೆಯವರನ್ನು ದೋಣಿಯಲ್ಲಿ ಸಾಗಿಸಬೇಕಾಗಿತ್ತು. ಬಿರುಗಾಳಿಯೆದ್ದರೆ ಅದೂ ಇಲ್ಲ. ಕೈದಿಗಳ ಬಾಯಿ ಮುಚ್ಚಿಸಲೆಂದು ಅಂದು ಹೇಳಿದ ಮಾತು, ಇದು ಜನರ ಓಡಾಟದ ದಾರಿಯೆಂಬ ಮಾತು, ಈಗ ಅಕ್ಷರಶಃ ನಿಜವಾಗಿದೆ. ಹೇಳಿದವರ ಉದ್ದೇಶ ಏನೇ ಇದ್ದಿರಲಿ, ದೇವರು ಅದನ್ನು ನಿಜ ಮಾಡಿದರು ಎಂದು ಹೇಳಲು ಮನಸ್ಸಾಯಿತು. ಆದರೆ ಹಾಗೆಂದು ಆ ಕೈದಿಗಳ ಮೇಲಿನ ಒತ್ತಾಯ ಸರಿಯಾಗಿಬಿಡುವುದಿಲ್ಲ. ಯೋಸೇಫನ ಅಣ್ಣಂದಿರು ಮಾಡಿದ ಕೇಡಿನಿಂದ ದೇವರು ಒಳಿತನ್ನು ತೆಗೆದರು, ಕೇಡು ಕೇಡೇ.

ಕಾಯ್ದುಕೊಂಡವರು

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು. ತುಳಿಯುವ ಅಗತ್ಯವೇ ಬೀಳಲಿಲ್ಲ. ದೇವಾಲಯದ ಬಳಿ ಮತ್ತೊಮ್ಮೆ ಇಳಿದೆ.

1944ರ ಸೆಪ್ಟೆಂಬರಿನಲ್ಲಿ ಕೈದಿಗಳನ್ನು ಓರ್ಕ್ನಿಯಿಂದ ಕರೆದೊಯ್ದರು. ಅಂದರೆ ಅವರು ತಮ್ಮ ಕೈಯಾರೆ ಕಟ್ಟಿದ ದೇವಾಲಯದಲ್ಲಿ ಪೂಜೆ ಕಂಡದ್ದು ಕೆಲವೇ ತಿಂಗಳು. ಎಲ್ಲರೂ ಹೊರಟರೂ ಕಿಯೊಕ್ಕೆಟ್ಟಿ ಇನ್ನೂ ಮುಗಿದಿರದ ದೀಕ್ಷಾಸ್ನಾನದ ತೊಟ್ಟಿಯನ್ನು ಪೂರ್ಣಗೊಳಿಸಲು ಹಿಂದೆ ಉಳಿದರು. ಬಿಡುಗಡೆಯ ದಾರಿ ತೆರೆದಿರುವಾಗ, ಯಾವ ಮಗುವೂ ಇಲ್ಲದ ದ್ವೀಪದಲ್ಲಿ, ತಾನು ಮತ್ತೆ ನೋಡುವೆನೆಂಬ ಭರವಸೆಯಿಲ್ಲದ ತೊಟ್ಟಿಗಾಗಿ! ಒಮ್ಮೆ ನನ್ನ ಧರ್ಮಕೇಂದ್ರದಲ್ಲಿ ದೇವಾಲಯದ ನೆಲಕ್ಕೆ ಯಾವ ಗ್ರಾನೈಟ್ ಹಾಕಬೇಕೆಂಬ ಚರ್ಚೆಯಲ್ಲಿ ನಾನು ಹಿರಿಯರೊಬ್ಬರೊಂದಿಗೆ ಮಾತು ಬಿಡುವಷ್ಟು ದೂರ ಹೋಗಿದ್ದೆ. ಅವರು ತೀರಿಕೊಂಡರು, ನೆಲ ಈಗಲೂ ಹೊಳೆಯುತ್ತಿದೆ. ಆ ಸಿಮೆಂಟಿನ ತೊಟ್ಟಿಯ ಮುಂದೆ ನಿಂತಾಗ ಅದು ನೆನಪಾಗಿ ನಾಚಿಕೆಯಾಯಿತು.

ಯುದ್ಧಾನಂತರ ಶಿಬಿರವನ್ನು ಕೆಡವಲು ಬಂದವರು ಗುಡಾರಗಳನ್ನೆಲ್ಲ ಕಿತ್ತರು. ಈ ದೇವಾಲಯವನ್ನೂ ಸಂತ ಜಾರ್ಜರ ಪ್ರತಿಮೆಯನ್ನೂ ಮಾತ್ರ ಮುಟ್ಟಲಿಲ್ಲ. ಓರ್ಕ್ನಿಯವರು ಯುದ್ಧದ ನೋವು ಅರಿಯದವರೇನಲ್ಲ. 1940ರ ಮಾರ್ಚ್ 16ರಂದು, ಆ ಯುದ್ಧದಲ್ಲಿ ಬ್ರಿಟನ್ನಿನ ನೆಲದಲ್ಲಿ ವೈಮಾನಿಕ ದಾಳಿಗೆ ಬಲಿಯಾದ ಮೊದಲ ನಾಗರಿಕ ಇದೇ ದ್ವೀಪದವನು. ಅವರಲ್ಲಿ ಬಹುಮಂದಿ ಕಥೋಲಿಕರೂ ಅಲ್ಲ. ಸಂತರ ಪ್ರತಿಮೆಗಳಿಗೂ ಮಾತೆಯ ಚಿತ್ರಗಳಿಗೂ ತಮ್ಮ ಆರಾಧನಾಲಯಗಳಲ್ಲಿ ಎಡೆಯಿಲ್ಲದ ಸಂಪ್ರದಾಯದವರು. ಆದರೂ ಬಣ್ಣ ಉದುರತೊಡಗಿದಾಗ 1958ರಲ್ಲಿ ಅವರೇ ಸಮಿತಿ ಕಟ್ಟಿಕೊಂಡರು. 1960ರಲ್ಲಿ ಕಿಯೊಕ್ಕೆಟ್ಟಿಯವರನ್ನು ಹುಡುಕಿ ಕರೆಸಿ ಜೀರ್ಣೋದ್ಧಾರ ಮಾಡಿಸಿದರು. 1964ರಲ್ಲಿ ಅವರು ಪತ್ನಿಯೊಂದಿಗೆ ಮತ್ತೆ ಬಂದು ಶಿಲುಬೆಹಾದಿಯ ಹದಿನಾಲ್ಕು ಮರದ ಕೆತ್ತನೆಗಳನ್ನು ಕಾಣಿಕೆಯಾಗಿ ಕೊಟ್ಟರು. 1992ರಲ್ಲಿ, ಐವತ್ತು ವರ್ಷಗಳ ನಂತರ, ಮುಪ್ಪಾದ ಕೆಲವು ಮಾಜಿ ಕೈದಿಗಳು ಅತಿಥಿಗಳಾಗಿ ಬಂದಿಳಿದರು. 1999ರಲ್ಲಿ ಕಿಯೊಕ್ಕೆಟ್ಟಿ ಮೊಯೆನಾದಲ್ಲಿ ತೀರಿಕೊಂಡಾಗ ಅವರ ಆತ್ಮಶಾಂತಿಗಾಗಿ ಈ ತಗಡಿನ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸಲಾಯಿತು. 2014ರಲ್ಲಿ ಶಿಲುಬೆಹಾದಿಯ ಮೂರು ಕೆತ್ತನೆಗಳು ಕಳವಾದಾಗ ಇಡೀ ದ್ವೀಪವೇ ಮರುಗಿತು.

ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಬಣ್ಣ ಉದುರುತ್ತದೆ. ಎಂಟು ದಶಕಗಳಿಂದ ಅದು ನಿಂತಿರುವುದು ಯಾರೋ ಪ್ರತಿವರ್ಷ ನೋಡಿಕೊಳ್ಳುತ್ತಿರುವುದರಿಂದ. ಕೈದಿಗಳು ಕಟ್ಟಿದ್ದು ಅರ್ಧ ಕಥೆ. ಶತ್ರುಗಳ ಪ್ರಾರ್ಥನಾಸ್ಥ‍ಳವನ್ನು ಪರಮತದವರು ಕಾಯ್ದುಕೊಂಡದ್ದು ಉಳಿದರ್ಧ. ನಾನು ಇಷ್ಟು ವರ್ಷ ಹೇಳದೆ ಬಿಟ್ಟಿದ್ದು ಈ ಭಾಗವನ್ನೇ. ನಮ್ಮ ನಾಡಿನಲ್ಲಿ ಒಬ್ಬರ ಪೂಜಾಸ್ಥಳದ ಕುರಿತು ಮತ್ತೊಬ್ಬರು ಕಹಿಯಾಡುವುದನ್ನು ಕೇಳಿದಾಗಲೆಲ್ಲ, ಎಲ್ಲೋ ಕೆಲವರು ಏಣಿ ಹಾಕಿಕೊಂಡು ತಮ್ಮದಲ್ಲದ ದೇವಾಲಯದ ಬಣ್ಣವನ್ನು ತಿದ್ದುತ್ತಿರುತ್ತಾರೆಂಬುದು ನನಗೆ ಈಗ ನೆನಪಾಗುತ್ತದೆ.

ಸಂಜೆ ಎಂಟರ ಹೊತ್ತಿಗೆ, ಇನ್ನೂ ಬೆಳಕಿರುವಾಗಲೇ, ಕರ್ಕ್‌ವಾಲ್ ತಲುಪಿ ಸೈಕಲ್ಲನ್ನು ಹಿಂದಿರುಗಿಸಿದೆ. ಸರಪಳಿ ಕಳಚಿದ್ದನ್ನು ಹೇಳಿ ಕೈ ತೋರಿಸಿದೆ. ಮನೆಯ ಹಿರಿಯರು ಸಾಬೂನು ತಂದುಕೊಡುತ್ತಾ ಕೇಳಿದರು: “ನಮ್ಮ ದೇವಾಲಯ ನೋಡಿದಿರಾ?”

ಅವರು ಪ್ರೆಸ್ಬಿಟೇರಿಯನ್ ಸಭೆಯವರು. ಪ್ರತಿ ಭಾನುವಾರ ಹೋಗುತ್ತಿದ್ದುದು ಸಂತ ಮ್ಯಾಗ್ನಸರ ಪ್ರಧಾನಾಲಯಕ್ಕೆ. ಆದ್ದರಿಂದ ಅವರು ಕೇಳಿದ್ದು ಅದರ ಬಗ್ಗೆಯೆಂದುಕೊಂಡು, ಬೆಳಿಗ್ಗೆಯೇ ನೋಡಿದೆ ಎಂದೆ. ಅವರು ತಲೆಯಲ್ಲಾಡಿಸಿ, ಅದಲ್ಲ, ಲ್ಯಾಂಬ್ ಹೋಮ್‌ನಲ್ಲಿರುವುದು ಎಂದರು.